ಕಾಯುವವರು ಒಡೆಯರಲ್ಲ

ಹೊಲಕ್ಕೆ ಬೇಲಿ ಹಾಕುತ್ತೇವೆ. ಯಾಕೆ? ದನಕರು ನುಗ್ಗಬಾರದು ಅಂತ. ಬೇಲಿ ಬೆಳೆಯನ್ನು ಕಾಯುತ್ತದೆ. ಆದರೆ ಬೆಳೆ ಬೇಲಿಯದ್ದಲ್ಲ. ಬೆಳೆ ಹೊಲದವರದ್ದು.

ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಗತಿ? ನಮ್ಮ ಹಿರಿಯರು ಈ ಗಾದೆಯನ್ನು ಸುಮ್ಮನೆ ಕಟ್ಟಲಿಲ್ಲ.

ಚಿಕ್ಕ ಮಕ್ಕಳ ಆಸ್ತಿಗೂ ಬೇಲಿ ಬೇಕು. ಮಗುವಿಗೆ ಓದಿ ನೋಡಿ ಸಹಿ ಹಾಕುವ ವಯಸ್ಸಿಲ್ಲ. ಲೆಕ್ಕ ಕೇಳುವ ಧೈರ್ಯ ಇಲ್ಲ. ಆದ್ದರಿಂದ ಹಿರಿಯರು ಕಾಯಬೇಕು. ಆ ಕಾವಲು ಹೇಗೆ ಶುರುವಾಗುತ್ತದೆ? ಹೇಗೆ ಮುಗಿಯುತ್ತದೆ? ಈ ಪಾಠದಲ್ಲಿ ತಿಳಿಯೋಣ.

ಮಗುವಿಗೂ ಆಸ್ತಿ ಇರುತ್ತದೆಯೇ?

ಇರುತ್ತದೆ. ತೊಟ್ಟಿಲ ಕೂಸಿಗೂ ಆಸ್ತಿ ಇರಬಹುದು. ಹೇಗೆ?

ತಾತ ಮೊಮ್ಮಗಳ ಹೆಸರಿಗೆ ನಿವೇಶನವನ್ನು ದಾನಪತ್ರ ಮಾಡಿ ಕೊಡಬಹುದು. ಆಗ ಅದು ಮೊಮ್ಮಗಳ ಆಸ್ತಿ.

ಒಬ್ಬ ಅಪ್ಪ ದುಡಿದ ದುಡ್ಡಿನಲ್ಲಿ ಹೊಲ ಕೊಂಡಿದ್ದ ಎನ್ನಿ. ಉಯಿಲು ಬರೆಯದೆ ತೀರಿಕೊಂಡ. ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು 1956ರಲ್ಲಿ. ಅದರ ಪ್ರಕಾರ ಅವನ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮಗು ಎಷ್ಟು ಚಿಕ್ಕದಾದರೂ ಅದರ ಪಾಲು ಚಿಕ್ಕದಾಗುವುದಿಲ್ಲ.

ಇನ್ನೊಂದು ಉದಾಹರಣೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆ ನಮ್ಮ ಕಾಮಗೆರೆಯ ಮೇಲೆ ಹಾದು ಹೋಗುತ್ತದೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ವಾಹನಗಳಿಗೂ ಇದು ದಾರಿ. ಇಂಥ ರಸ್ತೆಯಲ್ಲಿ ಅಪಘಾತವಾಗಿ ಮನೆಯ ಯಜಮಾನ ಹೋದರೆ ಪರಿಹಾರ ಕೇಳಬಹುದು. ಬರುವ ಪರಿಹಾರದಲ್ಲಿ ಮಕ್ಕಳದ್ದೂ ಪಾಲಿದೆ.

ಎಷ್ಟು ವರ್ಷದವರೆಗೆ ಮಗು? 18 ವರ್ಷ ತುಂಬುವವರೆಗೆ. ಇದನ್ನು 1875ರ ವಯಸ್ಕತನದ ಕಾಯಿದೆ ಹೇಳುತ್ತದೆ. 18 ತುಂಬದವರನ್ನು ಕಾನೂನಿನಲ್ಲಿ ಅಪ್ರಾಪ್ತ ವಯಸ್ಕರು ಎನ್ನುತ್ತಾರೆ. ಕಚೇರಿಗಳಲ್ಲಿ ಮೈನರ್ ಎನ್ನುತ್ತಾರೆ. ಅವರನ್ನೂ ಅವರ ಆಸ್ತಿಯನ್ನೂ ಕಾಯುವವರು ಪಾಲಕರು. ಕಚೇರಿಗಳಲ್ಲಿ ಗಾರ್ಡಿಯನ್ ಎನ್ನುತ್ತಾರೆ. ಈ ಎರಡು ಮಾತು ನೆನಪಿರಲಿ. ಖಾತೆ, ಪಾಸ್‌ಬುಕ್ಕು, ಕೋರ್ಟಿನ ಕಾಗದ, ಎಲ್ಲದರಲ್ಲೂ ಇವು ಬರುತ್ತವೆ.

ಕಾವಲು ಹೇಗೆ ಶುರುವಾಗುತ್ತದೆ?

ನಾಲ್ಕು ದಾರಿಗಳಿವೆ.

ಮೊದಲನೆಯದು, ಹುಟ್ಟಿನಿಂದ ಬರುವ ಪಾಲಕತನ. ಹಿಂದೂಗಳಿಗೆ 1956ರ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯಿದೆ ಇದೆ. ಅದರ ಪ್ರಕಾರ ತಂದೆ ಸಹಜ ಪಾಲಕ. ಅವನ ನಂತರ ತಾಯಿ. ಗಂಡ ತೀರಿಕೊಂಡರೆ ತಾಯಿಯೇ ಪಾಲಕಿ. ಇದಕ್ಕಾಗಿ ಯಾರ ಅಪ್ಪಣೆಯೂ ಬೇಕಾಗಿಲ್ಲ. ಗಂಡ ಉಯಿಲಿನಲ್ಲಿ ಬೇರೆಯವರನ್ನು ಪಾಲಕರೆಂದು ಬರೆದಿದ್ದರೂ, ತಾಯಿ ಬದುಕಿರುವವರೆಗೆ ಅವಳದೇ ಹಕ್ಕು. ಮಲತಂದೆ, ಮಲತಾಯಿ ಸಹಜ ಪಾಲಕರಲ್ಲ.

ಗಂಡ ಬದುಕಿದ್ದಾನೆ, ಆದರೆ ಮನೆ ಬಿಟ್ಟು ಹೋಗಿದ್ದಾನೆ. ಮಗುವಿನ ಗೊಡವೆಯೇ ಇಲ್ಲ. ಆಗ? ಸುಪ್ರೀಂ ಕೋರ್ಟು 1999ರಲ್ಲಿ ಗೀತಾ ಹರಿಹರನ್ ಎಂಬ ಲೇಖಕಿಯ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ‘ತಂದೆಯ ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ. ತಂದೆ ಮಗುವಿನ ಜವಾಬ್ದಾರಿ ಹೊರದೆ ದೂರವಿದ್ದಾಗಲೂ ತಾಯಿ ಪಾಲಕಿಯಾಗಬಹುದು.

ಎರಡನೆಯದು, ಉಯಿಲು. ತಂದೆತಾಯಿ ತಾವು ಇಲ್ಲದ ಕಾಲಕ್ಕೆ ಪಾಲಕರು ಯಾರಾಗಬೇಕೆಂದು ಉಯಿಲಿನಲ್ಲಿ ಬರೆದಿಡಬಹುದು.

ಮೂರನೆಯದು, ಕೋರ್ಟು. ತಂದೆತಾಯಿ ಇಬ್ಬರೂ ಇಲ್ಲ ಎನ್ನಿ. ಅಜ್ಜಿಯೋ ಸೋದರಮಾವನೋ ಮಗುವನ್ನು ಸಾಕುತ್ತಿದ್ದಾರೆ. ಅವರು ಅರ್ಜಿ ಹಾಕಿದರೆ ಜಿಲ್ಲಾ ನ್ಯಾಯಾಲಯ ವಿಚಾರಣೆ ಮಾಡಿ ಪಾಲಕರನ್ನು ನೇಮಿಸುತ್ತದೆ. ಇದಕ್ಕೆ 1890ರ ಕಾಯಿದೆ ಇದೆ. ಇದು ಎಲ್ಲ ಧರ್ಮದವರಿಗೂ ಇರುವ ಕಾಯಿದೆ. ಕೋರ್ಟು ನೋಡುವುದು ಒಂದೇ ಮಾತು: ಮಗುವಿಗೆ ಯಾವುದು ಒಳ್ಳೆಯದು?

ನಾಲ್ಕನೆಯದು, ಟ್ರಸ್ಟು. ಇದಕ್ಕೆ 1882ರ ಕಾಯಿದೆ ಇದೆ. ಇದರಲ್ಲಿ ಮೂವರು ಇರುತ್ತಾರೆ. ಕೊಡುವವರು, ಕಾಯುವವರು, ಪಡೆಯುವವರು. ‘ಈ ದುಡ್ಡು ನನ್ನ ಮೊಮ್ಮಗನ ಓದಿಗೆ, ನೀನು ಕಾದಿಡು’ ಎಂದು ತಾತ ನಂಬಿದವರ ಕೈಗೆ ಒಪ್ಪಿಸಿದರೆ ಅದು ಟ್ರಸ್ಟು ಆಗಬಹುದು. ಜಮೀನು, ಮನೆಯಾದರೆ ಬಾಯಿಮಾತು ಸಾಲದು. ಪತ್ರ ಬರೆದು ನೋಂದಣಿ ಮಾಡಿಸಬೇಕು, ಇಲ್ಲವೇ ಉಯಿಲು ಬರೆಯಬೇಕು. ದುಡ್ಡಿಗೂ ಕಾಗದ ಇದ್ದರೆ ಕ್ಷೇಮ. ನಂಬಿಕೆ ಮನಸ್ಸಿನಲ್ಲಿರಲಿ, ಲೆಕ್ಕ ಕಾಗದದಲ್ಲಿರಲಿ.

ಒಂದು ಮಾತುಕತೆ

ಕಲಿಕಾ ಕೇಂದ್ರದಲ್ಲಿ ಒಬ್ಬ ಅಜ್ಜಿ ಮೇಷ್ಟ್ರನ್ನು ಕೇಳುತ್ತಾರೆ. ಇದನ್ನು ಪಾಠಕ್ಕಾಗಿ ಬರೆದಿದೆ. ಇಬ್ಬರು ಗಟ್ಟಿಯಾಗಿ ಓದಿ. ಉಳಿದವರು ಕೇಳಿ.

ಅಜ್ಜಿ: ಮೇಷ್ಟ್ರೇ, ದೊಡ್ಡ ಮಗ ತೀರ್ಕಂಡು ಎರಡು ವರ್ಷ ಆಯ್ತು. ಅವನು ರೇಷ್ಮೆ ಮಾಡಿ ಕೊಂಡಿದ್ದ ಹೊಲ ಈಗ ನನ್ನ ಹೆಸರು, ಸೊಸೆ ಹೆಸರು, ಮೊಮ್ಮಗಳ ಹೆಸರಲ್ಲಿ ಅದೆ. ಚಿಕ್ಕ ಮಗ ಮಾರ್ಬುಡವ ಅಂತಾನೆ.

ಮೇಷ್ಟ್ರು: ಮೊಮ್ಮಗಳಿಗೆ ಎಷ್ಟು ವರ್ಷ ಅವ್ವ?

ಅಜ್ಜಿ: ಹನ್ನೊಂದು. ಸೊಸೆ ಹೆಬ್ಬೆಟ್ಟು ಹಾಕುದ್ರೆ ಸಾಕಂತೆ. ಮಗೀಗೂ ಸೇರುಸ್ಕಂಡು ಅವಳೇ ಹಾಕ್ಬೋದಂತೆ.

ಮೇಷ್ಟ್ರು: ನಿಮ್ಮ ಪಾಲನ್ನ ನೀವು ಮಾರಬಹುದು. ಸೊಸೆ ಪಾಲನ್ನ ಸೊಸೆ ಮಾರಬಹುದು. ಮಗುವಿನ ಪಾಲು ಮಾರೋದಕ್ಕೆ ಮೊದಲೇ ಕೋರ್ಟಿನ ಅನುಮತಿ ಬೇಕು.

ಅಜ್ಜಿ: ಹೆತ್ತ ತಾಯಿಗೂ ಅನುಮತಿ ಬೇಕಾ?

ಮೇಷ್ಟ್ರು: ಬೇಕು ಅವ್ವ. ತಾಯಿ ಕಾಯೋಳು. ಒಡತಿ ನಿಮ್ಮ ಮೊಮ್ಮಗಳು.

ಅಜ್ಜಿ: ಅಂಗಾರೆ ನನ್ನ ಚಿಕ್ಕ ಮಗ?

ಮೇಷ್ಟ್ರು: ಅವರು ಮಗುವಿಗೆ ಚಿಕ್ಕಪ್ಪ. ಪ್ರೀತಿಯಿಂದ ಸಾಕಬಹುದು. ಸಾಕ್ತಾ ಇದ್ದೀನಿ ಅಂತ ಆಸ್ತಿ ಮಾರೋ ಅಧಿಕಾರ ಬರೋದಿಲ್ಲ.

ಅಜ್ಜಿ: ಸೊಸೆ ಈಗ ಹೆಸರು ಬರೆಯೋದು ಕಲ್ತವ್ಳೆ ಮೇಷ್ಟ್ರೇ. ಓದದೆ ಹೆಬ್ಬೆಟ್ಟು ಹಾಕ್ಬ್ಯಾಡ ಅಂತ ಹೇಳ್ತೀನಿ.

ಕಾಯುವವರು ಏನು ಮಾಡಬಹುದು, ಏನು ಮಾಡಬಾರದು?

ಪಾಲಕರು ಹೊಲ ಉಳಿಸಬಹುದು. ಬೆಳೆ ಬೆಳೆಯಬಹುದು. ಕಂದಾಯ ಕಟ್ಟಬಹುದು. ಬಂದ ಆದಾಯವನ್ನು ಮಗುವಿನ ಊಟ, ಬಟ್ಟೆ, ಓದು, ಔಷಧಿಗೆ ಖರ್ಚು ಮಾಡಬಹುದು.

ಆದರೆ ಕೋರ್ಟಿನ ಅನುಮತಿ ಇಲ್ಲದೆ ಮಗುವಿನ ಜಮೀನು, ಮನೆ, ನಿವೇಶನವನ್ನು ಮಾರಬಾರದು. ಅಡವಿಡಬಾರದು. ದಾನ ಕೊಡಬಾರದು. ಬದಲಾಯಿಸಿಕೊಳ್ಳಬಾರದು. 5 ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಗುತ್ತಿಗೆಗೆ ಕೊಡಬಾರದು. ಮಗುವಿಗೆ 18 ತುಂಬಿ ಒಂದು ವರ್ಷ ದಾಟಿದ ಮೇಲೂ ನಡೆಯುವಂಥ ಗುತ್ತಿಗೆಯನ್ನೂ ಮಾಡಬಾರದು. ಇದು 1956ರ ಪಾಲಕತ್ವ ಕಾಯಿದೆಯ 8ನೇ ಕಲಮು. ಕೋರ್ಟು ನೇಮಿಸಿದ ಪಾಲಕರಿಗೂ 1890ರ ಕಾಯಿದೆ ಇದೇ ಕಟ್ಟು ಹಾಕಿದೆ.

ಕೋರ್ಟು ಯಾವಾಗ ಅನುಮತಿ ಕೊಡುತ್ತದೆ? ಎರಡೇ ಕಾರಣಕ್ಕೆ. ಮಾರುವುದು ಅನಿವಾರ್ಯವಾಗಿರಬೇಕು. ಇಲ್ಲವೇ ಮಾರುವುದರಿಂದ ಮಗುವಿಗೇ ಲಾಭ ಎಂದು ಸ್ಪಷ್ಟವಾಗಿ ಕಾಣಬೇಕು. ಮಗುವಿಗೆ ದೊಡ್ಡ ಕಾಯಿಲೆ ಬಂದು ಚಿಕಿತ್ಸೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಕೋರ್ಟು ಒಪ್ಪಬಹುದು. ಚಿಕ್ಕಪ್ಪನ ಕೈಸಾಲ ತೀರಿಸಲು ಕೇಳಿದರೆ ಒಪ್ಪುವುದಿಲ್ಲ.

ಒಂದು ಎಚ್ಚರಿಕೆ. ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿ ಇನ್ನೂ ಭಾಗವಾಗಿಲ್ಲ ಎನ್ನಿ. ಅದರಲ್ಲಿ ಮಗುವಿನ ಪಾಲಿಗೆ ಈ 8ನೇ ಕಲಮು ಹತ್ತುವುದಿಲ್ಲ. ಕುಟುಂಬದ ನಿಜವಾದ ಅಗತ್ಯಕ್ಕೆ ಯಜಮಾನ ಮಾರಬಹುದು. ಆದರೆ ಅದು ನಿಜವಾದ ಅಗತ್ಯವಾಗಿರಬೇಕು. ಕುಡಿತ, ಇಸ್ಪೀಟು ಕುಟುಂಬದ ಅಗತ್ಯವಲ್ಲ. ನಿಮ್ಮ ಆಸ್ತಿ ಯಾವ ಬಗೆಯದು ಎಂದು ಪಹಣಿ, ಪತ್ರ ತೆಗೆದುಕೊಂಡು ಹೋಗಿ ವಕೀಲರಲ್ಲಿ ಕೇಳಿ.

ಪಾಲಕರ ನಡತೆ ಹೇಗಿರಬೇಕು? ಬುದ್ಧಿವಂತ ಮನುಷ್ಯ ತನ್ನ ಸ್ವಂತ ಆಸ್ತಿಯನ್ನು ಹೇಗೆ ಜೋಪಾನ ಮಾಡುತ್ತಾನೋ ಹಾಗೆ ಮಾಡಬೇಕು. ಪಾಲಕತನದಿಂದ ತಾನು ಲಾಭ ಮಾಡಿಕೊಳ್ಳಬಾರದು. ಕೋರ್ಟು ಕೇಳಿದಾಗ ಲೆಕ್ಕ ಕೊಡಬೇಕು. ಟ್ರಸ್ಟಿನ ಆಸ್ತಿ ಕಾಯುವವರಿಗೂ ಇದೇ ಧರ್ಮ.

ದುಡ್ಡಿನ ಕಾವಲು

ಭೂಮಿ ಓಡಿಹೋಗುವುದಿಲ್ಲ. ದುಡ್ಡು ಓಡಿಹೋಗುತ್ತದೆ. ಆದ್ದರಿಂದ ದುಡ್ಡಿಗೆ ಗಟ್ಟಿ ಬೇಲಿ ಬೇಕು.

ಅಪಘಾತದ ಪರಿಹಾರವನ್ನೇ ನೋಡಿ. ಕೇರಳದ ಸಾರಿಗೆ ಸಂಸ್ಥೆಯ ಬಸ್ಸಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಕೆಲವು ಸೂಚನೆ ಕೊಟ್ಟಿತು. ಮಕ್ಕಳ ಪಾಲಿನ ದುಡ್ಡನ್ನು ಅವರು ವಯಸ್ಸಿಗೆ ಬರುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಬೇಕು ಎಂದಿತು. ಮಗುವಿನ ಖರ್ಚಿಗೆ ನಡುವೆ ಹಣ ಬೇಕಾದರೆ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ತೆಗೆಯಬಹುದು. ಓದುಬರಹ ಇಲ್ಲದ ದೊಡ್ಡವರ ದುಡ್ಡಿಗೂ ಇಂಥ ಕಾವಲು ಇರಲಿ ಎಂದು ಅದೇ ತೀರ್ಪು ಹೇಳಿತು. ಯಾಕೆಂದರೆ ಅವರಿಗೂ ಮೋಸವಾಗಬಹುದು. ಅಕ್ಷರ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಈ ತೀರ್ಪನ್ನು ಹೇಳಿ.

ಬ್ಯಾಂಕಿನಲ್ಲಿ ಯಾವ ವಯಸ್ಸಿನ ಮಗುವಿನ ಹೆಸರಲ್ಲೂ ಖಾತೆ ತೆರೆಯಬಹುದು. ತಾಯಿ ಪಾಲಕಿಯಾಗಿ ತೆರೆಯಬಹುದು. ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಇದನ್ನು ಮತ್ತೆ ಸ್ಪಷ್ಟವಾಗಿ ಹೇಳಿತು. 10 ವರ್ಷ ತುಂಬಿದ ಮಕ್ಕಳಿಗೆ, ಬ್ಯಾಂಕು ಒಪ್ಪಿದ ಮಿತಿಯೊಳಗೆ, ತಾವೇ ಖಾತೆ ನಡೆಸಲು ಅವಕಾಶ ಕೊಡಬಹುದು.

ಹೆಣ್ಣುಮಕ್ಕಳಿಗೆ ಅಂಚೆ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದೆ. ಇದು 2015ರಲ್ಲಿ ಶುರುವಾಯಿತು. ಮಗುವಿಗೆ 10 ವರ್ಷ ತುಂಬುವ ಮೊದಲು ತೆರೆಯಬೇಕು. ವರ್ಷಕ್ಕೆ 250 ರೂಪಾಯಿಗೆ ಕಡಿಮೆ ಇಲ್ಲದಂತೆ 15 ವರ್ಷ ಕಟ್ಟಬೇಕು. ಖಾತೆಗೆ 21 ವರ್ಷ ತುಂಬಿದಾಗ ಪೂರ್ತಿ ಹಣ ಬರುತ್ತದೆ. ಹುಡುಗಿಗೆ 18 ಆದ ಕೂಡಲೇ ಖಾತೆ ಅವಳ ಕೈಗೆ ಬರುತ್ತದೆ.

ಕೊರೊನಾ ಕಾಲದಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿದ್ದಾರೆ. ಅವರಿಗಾಗಿ ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್ ಮಕ್ಕಳ ಯೋಜನೆ ಪ್ರಕಟಿಸಿತು. ಮಗುವಿಗೆ 18 ಆಗುವ ಹೊತ್ತಿಗೆ ಅಂಚೆ ಕಚೇರಿಯ ಖಾತೆಯಲ್ಲಿ 10 ಲಕ್ಷ ರೂಪಾಯಿ ಇರುವಂತೆ ಏರ್ಪಾಡು ಮಾಡಿತು. 18ರವರೆಗೆ ಆ ಖಾತೆ ಮಗು ಮತ್ತು ಜಿಲ್ಲಾಧಿಕಾರಿ ಇಬ್ಬರ ಹೆಸರಿನಲ್ಲಿ ಜಂಟಿಯಾಗಿರುತ್ತದೆ. 18ರಿಂದ 23ರವರೆಗೆ ತಿಂಗಳು ತಿಂಗಳು ಹಣ ಬರುತ್ತದೆ. 23 ತುಂಬಿದಾಗ ಇಡುಗಂಟು ಕೈ ಸೇರುತ್ತದೆ. ನೋಡಿ, ಇಲ್ಲಿ ಜಿಲ್ಲಾಧಿಕಾರಿಯವರೂ ಕಾಯುವವರೇ ಹೊರತು ಒಡೆಯರಲ್ಲ.

ಕಾವಲು ಹೇಗೆ ಮುಗಿಯುತ್ತದೆ?

ಮಗುವಿಗೆ 18 ತುಂಬಿದರೆ ಪಾಲಕತನ ಮುಗಿಯಿತು. ಮೊದಲು ಕೋರ್ಟು ಪಾಲಕರನ್ನು ನೇಮಿಸಿದ್ದರೆ 21ರವರೆಗೆ ಕಾಯಬೇಕಿತ್ತು. 1999ರಲ್ಲಿ ಕಾಯಿದೆ ತಿದ್ದಿ ಎಲ್ಲರಿಗೂ 18 ಎಂದು ಮಾಡಿದರು. ಹಳೆಯ ಕಾಗದದಲ್ಲಿ, ಹಳೆಯ ಪುಸ್ತಕದಲ್ಲಿ 21 ಎಂದು ಕಂಡರೆ ಗಾಬರಿ ಬೇಡ.

ಪಾಲಕರು ತೀರಿಕೊಂಡರೂ ಅವರ ಪಾಲಕತನ ಮುಗಿಯುತ್ತದೆ. ಆಗ ಬೇರೆ ಪಾಲಕರು ಬೇಕು. ಪಾಲಕರು ‘ನನ್ನ ಕೈಲಾಗದು’ ಎಂದು ಕೋರ್ಟಿಗೆ ಹೇಳಿ ಬಿಡುಗಡೆ ಪಡೆಯಬಹುದು.

ಪಾಲಕರು ನಂಬಿಕೆಗೆ ದ್ರೋಹ ಮಾಡಿದರೆ, ಮಗುವನ್ನು ಹಿಂಸಿಸಿದರೆ, ಕೆಲಸದಲ್ಲಿ ಉದಾಸೀನ ಮಾಡಿದರೆ ಕೋರ್ಟು ಅವರನ್ನು ತೆಗೆದುಹಾಕಬಹುದು. ಮಗುವಿನ ಹಿತ ಬಯಸುವ ಯಾರು ಬೇಕಾದರೂ ಇದಕ್ಕೆ ಅರ್ಜಿ ಕೊಡಬಹುದು.

ಟ್ರಸ್ಟು ಯಾವಾಗ ಮುಗಿಯುತ್ತದೆ? ಯಾವ ಕೆಲಸಕ್ಕೆ ಮಾಡಿದರೋ ಆ ಕೆಲಸ ಪೂರ್ತಿಯಾದಾಗ. ಅಥವಾ ಆ ಕೆಲಸ ಮಾಡಲು ಸಾಧ್ಯವೇ ಇಲ್ಲದಾದಾಗ.

ಕಾವಲು ಮುಗಿದರೆ ಸಾಲದು. ಆಸ್ತಿ, ಕಾಗದಪತ್ರ, ಲೆಕ್ಕ ಮೂರನ್ನೂ ಒಪ್ಪಿಸಬೇಕು. 18 ತುಂಬಿದ ಮಗ ಅಥವಾ ಮಗಳು ಬ್ಯಾಂಕಿಗೆ ಹೋಗಿ ತಮ್ಮ ಗುರುತಿನ ಚೀಟಿ, ಸಹಿ ಕೊಡಬೇಕು. ಕಂದಾಯ ಕಚೇರಿಯ ದಾಖಲೆಯಲ್ಲಿ ಮೈನರ್ ಎಂದು ಇರುವುದನ್ನು ಸರಿ ಮಾಡಿಸಲು ಅರ್ಜಿ ಕೊಡಬೇಕು.

ಬೇಲಿ ಹೊಲ ಮೇಯ್ದರೆ?

ಅನುಮತಿ ಇಲ್ಲದೆ ತಂದೆಯೋ ತಾಯಿಯೋ ಮಗುವಿನ ಜಮೀನು ಮಾರಿದ್ದಾರೆ ಎನ್ನಿ. ಆ ಮಗು ದೊಡ್ಡವನಾದ ಮೇಲೆ ‘ಈ ಮಾರಾಟ ನಾನು ಒಪ್ಪುವುದಿಲ್ಲ’ ಎನ್ನಬಹುದು. ಆದರೆ ಕಾಲಮಿತಿ ಇದೆ. 18 ತುಂಬಿದ ದಿನದಿಂದ 3 ವರ್ಷ. ಎಂದರೆ 21 ತುಂಬುವುದರೊಳಗೆ. ಈ ಮಾತಿಗೆ ಗೆರೆ ಎಳೆದಿಟ್ಟುಕೊಳ್ಳಿ.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. ದಾವಣಗೆರೆಯ ಶಾಮನೂರಿನಲ್ಲಿ ಒಬ್ಬ ತಂದೆ 1971ರಲ್ಲಿ ತನ್ನ ಮೂವರು ಚಿಕ್ಕ ಗಂಡುಮಕ್ಕಳ ಹೆಸರಿನಲ್ಲಿ ನಿವೇಶನ ಕೊಂಡರು. ಆಮೇಲೆ ಕೋರ್ಟಿನ ಅನುಮತಿ ಪಡೆಯದೆ ಅವನ್ನು ಬೇರೆಯವರಿಗೆ ಮಾರಿದರು. ಮಕ್ಕಳು ವಯಸ್ಸಿಗೆ ಬಂದ ಮೇಲೆ ಆ ಮಾರಾಟವನ್ನು ಒಪ್ಪಲಿಲ್ಲ. ಅದೇ ನಿವೇಶನವನ್ನು ತಾವೇ ಇನ್ನೊಬ್ಬರಿಗೆ ಮಾರಿದರು. ಈಗ ಒಂದು ನಿವೇಶನಕ್ಕೆ ಇಬ್ಬರು ಹಕ್ಕುದಾರರು. ಜಗಳ ಕೋರ್ಟಿಗೆ ಹೋಯಿತು.

ಕೆಳಗಿನ ಕೋರ್ಟು ಒಂದು ಹೇಳಿತು. ಮೇಲಿನ ಕೋರ್ಟುಗಳು ಬೇರೆ ಹೇಳಿದವು. ‘ತಂದೆಯ ಮಾರಾಟ ರದ್ದು ಮಾಡಿ ಎಂದು ಮಕ್ಕಳು ದಾವೆ ಹಾಕಬೇಕಿತ್ತು, ಹಾಕಲಿಲ್ಲ’ ಎಂಬುದು ವಾದ. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ದಾವೆ ಹಾಕಲೇಬೇಕೆಂದಿಲ್ಲ. ಕಾಲಮಿತಿಯೊಳಗೆ ತಮ್ಮ ನಡತೆಯಿಂದ ಸ್ಪಷ್ಟವಾಗಿ ‘ಒಪ್ಪಲಿಲ್ಲ’ ಎಂದು ತೋರಿಸಿದರೂ ಸಾಕು. ತಾವೇ ಆ ಆಸ್ತಿಯನ್ನು ಬೇರೆಯವರಿಗೆ ಮಾರುವುದು ಅಂಥ ನಡತೆಯೇ.

1971ರಿಂದ 2025. ಲೆಕ್ಕ ಹಾಕಿ. 54 ವರ್ಷ! ಆವತ್ತು ಒಂದು ಅನುಮತಿ ಪಡೆದಿದ್ದರೆ ಈ ಜಗಳಕ್ಕೆ ಎಡೆಯೇ ಇರುತ್ತಿರಲಿಲ್ಲ.

ಇದರಲ್ಲಿ ಕೊಳ್ಳುವವರಿಗೂ ಪಾಠ ಇದೆ. ನೀವು ಹೊಲ ಕೊಳ್ಳುವಾಗ ಪಹಣಿ ಓದಿ. ಹಳೆಯ ಕ್ರಯಪತ್ರ ಓದಿ. ಅದರಲ್ಲಿ ಮೈನರ್ ಎಂಬ ಮಾತು ಇದೆಯೇ ನೋಡಿ. ಇದ್ದರೆ ಕೋರ್ಟಿನ ಅನುಮತಿ ಪತ್ರ ತೋರಿಸಿ ಎಂದು ಕೇಳಿ. ತೋರಿಸದಿದ್ದರೆ ಮುಂಗಡ ಕೊಡಬೇಡಿ. ಕೂಡಿಟ್ಟ ದುಡ್ಡು ನೀರಿನಲ್ಲಿ ಹೋಮ ಆದೀತು.

ಸಹಾಯ ಎಲ್ಲಿ ಸಿಗುತ್ತದೆ?

ಕೋರ್ಟು ಎಂದರೆ ಭಯ. ವಕೀಲರು ಎಂದರೆ ಖರ್ಚು. ಬಡವರು ಹೀಗೆ ಹೆದರುವುದು ಸಹಜ. ಅದಕ್ಕಾಗಿಯೇ 1987ರಲ್ಲಿ ಕಾನೂನು ಸೇವೆಗಳ ಕಾಯಿದೆ ಮಾಡಿದರು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ವಕೀಲರ ನೆರವು ಉಚಿತ. ಇವರಿಗೆ ಆದಾಯದ ಮಿತಿ ಇಲ್ಲ. ಕೊಳ್ಳೇಗಾಲದ ನ್ಯಾಯಾಲಯಕ್ಕೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿ. ಜಿಲ್ಲಾ ಪ್ರಾಧಿಕಾರ ಚಾಮರಾಜನಗರದಲ್ಲಿದೆ. ಫೋನ್ ಮಾಡುವುದಾದರೆ 15100. ಮಗುವಿಗೆ ತೊಂದರೆ ಆಗುತ್ತಿದ್ದರೆ 1098.

ಹೋಗುವಾಗ ಇವನ್ನು ತೆಗೆದುಕೊಂಡು ಹೋಗಿ: ಮಗುವಿನ ಜನನ ಪ್ರಮಾಣಪತ್ರ, ತೀರಿಕೊಂಡವರ ಮರಣ ಪ್ರಮಾಣಪತ್ರ, ಪಹಣಿ, ಕ್ರಯಪತ್ರ ಅಥವಾ ದಾನಪತ್ರ, ಪಾಸ್‌ಬುಕ್ಕು. ಮೂಲಪತ್ರ ಯಾರ ಕೈಗೂ ಬಿಟ್ಟು ಬರಬೇಡಿ. ನಕಲು ಕೊಡಿ. ಕೊಟ್ಟದ್ದಕ್ಕೆ ರಸೀದಿ ಕೇಳಿ.

ನೆನಪಿಡಿ

1. ಮಗುವಿನ ಹೆಸರಿನಲ್ಲಿರುವುದು ಮಗುವಿನದೇ.
2. ಪಾಲಕರು ಕಾಯಬೇಕು. ಮಾರಲು, ಅಡವಿಡಲು ಕೋರ್ಟಿನ ಅನುಮತಿ ಬೇಕು.
3. 18 ತುಂಬಿದಾಗ ಆಸ್ತಿ, ಕಾಗದ, ಲೆಕ್ಕ ಒಪ್ಪಿಸಬೇಕು.
4. ತಪ್ಪು ಮಾರಾಟವನ್ನು ಒಪ್ಪುವುದಿಲ್ಲ ಎನ್ನಲು 21 ತುಂಬುವವರೆಗೆ ಸಮಯ.
5. ಓದದೆ ಸಹಿ ಬೇಡ, ಹೆಬ್ಬೆಟ್ಟು ಬೇಡ.

ಪದಗಳ ಅರ್ಥ

ಅಪ್ರಾಪ್ತ ವಯಸ್ಕರು: 18 ವರ್ಷ ತುಂಬದವರು.
ಪಾಲಕರು: ಮಗುವನ್ನು, ಅದರ ಆಸ್ತಿಯನ್ನು ಕಾಯುವವರು.
ಉಯಿಲು: ತನ್ನ ಕಾಲಾನಂತರ ಏನಾಗಬೇಕೆಂದು ಬರೆದಿಟ್ಟ ಪತ್ರ.
ಠೇವಣಿ: ಇಷ್ಟು ಕಾಲ ಎಂದು ಬ್ಯಾಂಕಿನಲ್ಲಿಟ್ಟ ಹಣ.
ದಾವೆ: ಕೋರ್ಟಿನಲ್ಲಿ ಹಾಕುವ ಮೊಕದ್ದಮೆ.

ಓದಿ, ಮಾತಾಡಿ, ಬರೆಯಿರಿ

1. ಪಾಠದ ಅಜ್ಜಿಯ ಸೊಸೆ ಯಾರ ಪಾಲನ್ನು ಮಾರಬಹುದು? ಯಾರ ಪಾಲನ್ನು ಮಾರಬಾರದು?
2. ಒಬ್ಬ ಹುಡುಗನ ಹೊಲವನ್ನು ಅವನ ತಂದೆ ಅನುಮತಿ ಇಲ್ಲದೆ ಮಾರಿದ್ದಾರೆ. ಹುಡುಗನಿಗೆ ಈಗ 19 ವರ್ಷ 6 ತಿಂಗಳು. ಅವನಿಗೆ ಇನ್ನು ಎಷ್ಟು ಸಮಯ ಇದೆ?
3. ನಿಮ್ಮ ಮನೆಯ ಪಹಣಿ, ಪಾಸ್‌ಬುಕ್ಕುಗಳನ್ನು ಇವತ್ತು ತೆಗೆದು ಓದಿ. ಮಕ್ಕಳ ಹೆಸರು ಎಲ್ಲೆಲ್ಲಿ ಇದೆ? ಪಟ್ಟಿ ಮಾಡಿ. ಆ ಪಟ್ಟಿಯನ್ನು ಮಕ್ಕಳಿಗೆ ಓದಿ ಹೇಳಿ.